ಏಳನೇ ಸಾಲಿನ ನಿಧಾನ

"ಇದು ನಿಮ್ಮ ಕೈಬರಹವೇನ್ರೀ?"

ಕಂಪನಿಯ ವಕೀಲರು ಹೀಗೆ ಕೇಳಿದಾಗ ನನಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಟ್ಟರೆ ಇಲ್ಲಿಂದಲೇ ಸುಳ್ಳು ಶುರುವಾದಂತೆ. ಅಷ್ಟು ಓದಿದವರೊಬ್ಬರು ನನ್ನ ಅಕ್ಷರದ ಮೇಲೆ ಬೆರಳಿಟ್ಟು ನೋಡಿದ್ದು ಅದೇ ಮೊದಲು. ಆ ಬೆರಳು ಎಲ್ಲಿ ನಿಂತಿದೆ ಎಂದು ನಾನು ಕಂಡದ್ದು ಆಮೇಲೆ.

ಕೆಂಪು ರಟ್ಟಿನ ರಿಜಿಸ್ಟರು. ಏಳನೇ ಸಾಲು. 'ಷರಾ' ಎಂಬ ಕಾಲಮ್ಮು. ಅಲ್ಲಿ ನನ್ನದೇ ದುಂಡು ಅಕ್ಷರದಲ್ಲಿ ಒಂದು ಪದವಿತ್ತು: ನಿಧಾನ.

"ನನ್ನದೇ ಸಾರ್," ಎಂದೆ.

"ಅಷ್ಟೇ ಸಾಕು. ಕಟಕಟೆಯಲ್ಲೂ ಅಷ್ಟೇ ಹೇಳಿ. ಕೇಳದೇ ಇದ್ದಿದ್ದಕ್ಕೆ ಉತ್ತರ ಕೊಡೋಕೆ ಹೋಗ್ಬೇಡಿ."

ನಾನು ತಲೆಯಾಡಿಸಿದೆ. ಆದರೆ ಕೇಳದೇ ಇದ್ದದ್ದು ಏನು ಎಂಬುದು ಆ ಕೋಣೆಯಲ್ಲಿ ಗೊತ್ತಿದ್ದವನು ನಾನೊಬ್ಬನೇ.

ನಮ್ಮದು ಚುಚ್ಚುಮದ್ದನ್ನು ಸೀಸೆಗೆ ತುಂಬುವ ಕಾರ್ಖಾನೆ. ತುಂಬುವುದು, ಮುಚ್ಚುವುದು, ಚೀಟಿ ಅಂಟಿಸುವುದು ಎಲ್ಲ ಯಂತ್ರದ ಕೆಲಸ. ನೋಡುವುದು ಮಾತ್ರ ಮನುಷ್ಯರ ಕೆಲಸ. ಪರೀಕ್ಷೆಯ ಕೋಣೆಯಲ್ಲಿ ಒಬ್ಬೊಬ್ಬರ ಮುಂದೆಯೂ ಒಂದು ಹಲಗೆ ಇರುತ್ತದೆ, ಅರ್ಧ ಕಪ್ಪು, ಅರ್ಧ ಬಿಳಿ, ಮೇಲೊಂದು ದೀಪ. ಸೀಸೆಯನ್ನು ಮೆಲ್ಲಗೆ ಸುತ್ತಿಸಿ ಐದು ಸೆಕೆಂಡು ಬಿಳಿಯ ಎದುರು, ಐದು ಸೆಕೆಂಡು ಕಪ್ಪಿನ ಎದುರು ಹಿಡಿಯಬೇಕು. ಕಪ್ಪು ಚೂರು ಬಿಳಿಯ ಮೇಲೆ ಕಾಣುತ್ತದೆ, ಗಾಜಿನ ಚೂರು ಕಪ್ಪಿನ ಮೇಲೆ. ಎಲ್ಲಕ್ಕಿಂತ ಕಷ್ಟ ಗಾಳಿಗುಳ್ಳೆ. ಅದೂ ಗಾಜಿನ ಚೂರಿನ ಹಾಗೆಯೇ ಮಿನುಗುತ್ತದೆ. ಯಾವುದು ಯಾವುದೆಂದು ತಿಳಿಯಲು ಒಂದೇ ದಾರಿ, ಕಾಯುವುದು. ಗುಳ್ಳೆಯಾದರೆ ಮೇಲೇರುತ್ತದೆ. ಗಾಜಾದರೆ ಕೆಳಗಿಳಿಯುತ್ತದೆ.

ಈ ಕೆಲಸಕ್ಕೆ ಎರಡು ಕೋಣೆಗಳಿವೆ, ಹೆಂಗಸರದೊಂದು, ಗಂಡಸರದೊಂದು. ಒಂದೇ ಹಲಗೆ, ಒಂದೇ ದೀಪ, ಒಂದೇ ಸೀಸೆ. ಕೋಣೆ ಯಾಕೆ ಎರಡಾಯಿತೋ ಹಳಬರಿಗೂ ಗೊತ್ತಿಲ್ಲ. ಹೆಂಗಸರ ರಿಜಿಸ್ಟರಿಗೆ ಕೆಂಪು ರಟ್ಟು, ಗಂಡಸರದಕ್ಕೆ ನೀಲಿ. ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಒಬ್ಬೊಬ್ಬರ ಬಗ್ಗೆಯೂ ಒಂದು ಚೀಟಿ ಬರೆದು ಕಳಿಸುತ್ತಾರೆ: ದಿನಕ್ಕೆ ಎಷ್ಟು ಸೀಸೆ, ಕಣ್ತಪ್ಪಿ ಹೋದವು ಎಷ್ಟು, ಕೊನೆಗೆ ಒಂದು ಷರಾ. ನಾನು ದಾಖಲೆ ಗುಮಾಸ್ತ. ಚೀಟಿಯನ್ನು ರಿಜಿಸ್ಟರಿಗೆ ಇಳಿಸಿ ವ್ಯವಸ್ಥಾಪಕರ ಮೇಜಿಗೆ ಕಳಿಸುವುದು ನನ್ನ ಕೆಲಸ. ಬಡ್ತಿಯ ಕಾಲಮ್ಮನ್ನು ಅವರು ತಮ್ಮ ಕೈಯಲ್ಲೇ ತುಂಬಿಕೊಳ್ಳುತ್ತಾರೆ. ಚೀಟಿಗಳನ್ನು ವರ್ಷದ ಕೊನೆಗೆ ಹರಿದು ಹಾಕುತ್ತೇವೆ. ಉಳಿಯುವುದು ನನ್ನ ಅಕ್ಷರ ಮಾತ್ರ.

ಏಳನೇ ಸಾಲಿನವಳನ್ನು ಎಲ್ಲರೂ ಕಣ್ಣಕ್ಕ ಎನ್ನುತ್ತಾರೆ. ಹತ್ತೊಂಬತ್ತು ವರ್ಷದ ಸರ್ವೀಸು. ಯಾರ ಕಣ್ಣಿಗೆ ಕಸ ಬಿದ್ದರೂ ದವಾಖಾನೆಗೆ ಹೋಗುವ ಮೊದಲು ಅವಳ ಹತ್ತಿರ ಹೋಗುವುದು ವಾಡಿಕೆ. ರೆಪ್ಪೆ ಮಡಚಿ, "ಅಲ್ಲಾಡ್ಬೇಡ, ಮದುವೆ ಮಾಡಿಸ್ತಿಲ್ಲ ನಿನಗೆ," ಎಂದು ಗದರಿ ತೆಗೆದುಬಿಡುತ್ತಾಳೆ. ಎರಡೂ ಕೋಣೆಗಳಿಗೆ ಸೇರಿ ಒಬ್ಬ ಹಿರಿಯ ಪರೀಕ್ಷಕರು ಇರುತ್ತಾರೆ. ಆ ಹುದ್ದೆಗೆ ಕಣ್ಣಕ್ಕ ಮೂರು ಸಲ ಅರ್ಜಿ ಹಾಕಿದಳು. ಮೂರು ಸಲವೂ ಅದು ಗಂಡಸರ ಕೋಣೆಗೆ ಹೋಯಿತು. ಮೂರನೇ ಸಲ ಹೋದದ್ದು ಅವಳೇ ಸೀಸೆ ಹಿಡಿಯಲು ಕಲಿಸಿದವನಿಗೆ. ಆಗ ಅವಳು ಕೋರ್ಟಿಗೆ ಹೋದಳು: ನಾನು ಹೆಣ್ಣು ಎಂಬ ಒಂದೇ ಕಾರಣಕ್ಕೆ ನನ್ನನ್ನು ಬಿಟ್ಟಿದ್ದಾರೆ ಎಂದು. ಕಂಪನಿ ಉತ್ತರ ಕೊಟ್ಟಿತು: ಹೆಣ್ಣು ಎಂದಲ್ಲ, ನಿಧಾನ ಎಂದು. ಬೇಕಿದ್ದರೆ ರಿಜಿಸ್ಟರು ನೋಡಿ. ಆರು ವರ್ಷದ ಹನ್ನೆರಡು ಷರಾಗಳಲ್ಲಿ ಒಂಬತ್ತು 'ನಿಧಾನ'.

ಕಂಪನಿಯ ವಾದಕ್ಕೆ ಇದ್ದ ಆಧಾರ ಅದೊಂದೇ ಪದ. ಆ ಪದ ಮೇಲ್ವಿಚಾರಕರ ಚೀಟಿಯಲ್ಲಿ ಇರಲೇ ಇಲ್ಲ.

ಚೀಟಿಯಲ್ಲಿ ಇದ್ದದ್ದು 'ಸಾವದಾನ'. ಹಾಗೆಯೇ, ಸಾದಾ 'ದ' ಹಾಕಿ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಸಂಜೆ ಶಾಲೆಯಲ್ಲಿ ಓದಿ, ಮೀಸೆ ನರೆಯುವ ವಯಸ್ಸಿನಲ್ಲಿ ಪರೀಕ್ಷೆ ಪಾಸು ಮಾಡಿದವನು. ಕಚೇರಿಯಲ್ಲಿ ಯಾರ ಕಾಗದದಲ್ಲಿ ತಪ್ಪು ಕಂಡರೂ ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಹಾಗಾಗಿ ಒಂದೇ ತಿಂಗಳಲ್ಲಿ 'ಕಾಗುಣಿತ' ಎಂಬ ಹೆಸರು ಅಂಟಿತು. ಅವರು ಆಡಿಕೊಳ್ಳಲು ಇಟ್ಟ ಹೆಸರು, ನಾನು ಬಿರುದು ಎಂದುಕೊಂಡೆ.

'ಸಾವದಾನ' ಎಂಬ ಚೀಟಿ ಬಂದ ದಿನ ನನ್ನ ಪೆನ್ನು ನಿಂತಿತು. ಇದು ದ ಇರಬೇಕೋ, ಕೆಳಗೊಂದು ಗೀಟು ಇರುವ ಧ ಇರಬೇಕೋ? ತಪ್ಪಿದೆ ಎಂದು ಅನ್ನಿಸುತ್ತಿತ್ತು, ಖಚಿತವಿರಲಿಲ್ಲ. ಪಕ್ಕದವರನ್ನು ಕೇಳಬಹುದಿತ್ತು. ಕಾಗುಣಿತ ಎಂದು ಕರೆಸಿಕೊಳ್ಳುವವನು ಕಾಗುಣಿತ ಕೇಳುವುದು ಹೇಗೆ? ಮನೆಗೆ ಹೋದಾಗ ಅಕ್ಕನನ್ನು ಕೇಳಿದೆ, ಕಾಗುಣಿತವನ್ನಲ್ಲ, ಅರ್ಥವನ್ನು. ಅಕ್ಕ ಹೊಲಿಗೆಯವಳು. ಬಾಯಲ್ಲಿ ಸೂಜಿ ಕಚ್ಚಿಕೊಂಡೇ ಹೇಳಿದಳು: "ಸಾವಧಾನವಾಗಿ ಬಾ ಅಂದ್ರೆ ನಿಧಾನವಾಗಿ ಬಾ ಅಂತ. ಇಷ್ಟೂ ಗೊತ್ತಿಲ್ವಾ? ಏನು ಓದಿದ್ಯೋ."

ನಿಧಾನದ ಕಾಗುಣಿತ ನನಗೆ ಚೆನ್ನಾಗಿ ಗೊತ್ತಿತ್ತು. ಸಂಜೆ ಶಾಲೆಯ ಗೋಡೆಯ ಮೇಲೆ ದೊಡ್ಡದಾಗಿ ಬರೆದಿತ್ತು: ನಿಧಾನವೇ ಪ್ರಧಾನ. ಎರಡು ವರ್ಷ ಅದರ ಎದುರೇ ಕೂತಿದ್ದೆ. ಮರುದಿನ ಬಂದು ಸಾವಧಾನದ ಜಾಗದಲ್ಲೆಲ್ಲ ನಿಧಾನ ಎಂದು ಬರೆದೆ. ಒಮ್ಮೆ ಬರೆದ ಮೇಲೆ ಮುಂದಿನ ಸಲ ಬೇರೆ ಬರೆದರೆ ಯಾಕೆ ಎಂದು ಯಾರಾದರೂ ಕೇಳಿಯಾರು. ಆದ್ದರಿಂದ ಆರು ವರ್ಷವೂ ಅದನ್ನೇ ಬರೆದೆ.

ನನ್ನನ್ನು ನಾನು ಹೆಚ್ಚು ಹಳಿದುಕೊಳ್ಳುತ್ತಿದ್ದೇನೋ, ಕಡಿಮೆ ಹಳಿದುಕೊಳ್ಳುತ್ತಿದ್ದೇನೋ, ಈಗಲೂ ತಿಳಿಯದು. ಎರಡು ಪದಕ್ಕೂ ನಂಟಿದೆ. ಆದರೆ ನಂಟರೆಲ್ಲ ಒಂದೇ ಮನೆಯವರಲ್ಲವಲ್ಲ.

ವಕೀಲರು ನನ್ನ ಅಕ್ಷರ ನೋಡಿದ ಮರುದಿನ ಊಟದ ಕೋಣೆಯಲ್ಲಿ ಕಣ್ಣಕ್ಕ ಎದುರಾದಳು. ಕೇಸು ನಡೆಯುತ್ತಿದ್ದರೂ ಅವಳು ದಿನವೂ ಕೆಲಸಕ್ಕೆ ಬರುತ್ತಿದ್ದಳು. ಉಳಿದವರು ಅವಳ ಮೇಜಿನಿಂದ ಒಂದು ಕುರ್ಚಿ ಆಚೆ ಕೂರುವುದು ರೂಢಿಯಾಗಿತ್ತು. ಯಾರೂ ಹೇಳಿಕೊಟ್ಟದ್ದಲ್ಲ, ತಾನಾಗಿ ಆದದ್ದು.

"ಏನಪ್ಪಾ ಕಾಗುಣಿತ, ಹೆಸರುವಾಸಿ ಆಗ್ಬಿಟ್ಟೆ. ನಿನ್ನ ಅಕ್ಷರಾನ ಕೋರ್ಟಲ್ಲಿ ಇಷ್ಟಗಲ ಮಾಡಿ ತೋರಿಸಿದ್ರು."

"ಕಣ್ಣಕ್ಕ, ನಾನು..."

"ಚೆನ್ನಾಗಿದೆ ಕಣೋ. ಮುತ್ತು ಪೋಣಿಸಿದ ಹಾಗಿದೆ. ಮುತ್ತಿನಲ್ಲೂ ತಲೆ ಒಡೀಬಹುದು ಅಂತ ನನಗೆ ಗೊತ್ತಿರ್ಲಿಲ್ಲ ನೋಡು."

ಅವಳು ನಗುತ್ತಲೇ ಹೇಳಿದಳು. ಅದಕ್ಕೇ ನಾನು ಉಣ್ಣುವುದು ಬಿಟ್ಟು ಡಬ್ಬಿ ಮುಚ್ಚಿದೆ. ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಹೇಳಿದರೆ? ದಾಖಲೆ ತಿದ್ದಿದ ಗುಮಾಸ್ತನನ್ನು ಯಾವ ಕಚೇರಿ ಇಟ್ಟುಕೊಂಡೀತು? ಹೇಳದಿದ್ದರೆ ಅವಳ ಹತ್ತೊಂಬತ್ತು ವರ್ಷ ನನ್ನ ಎರಡು ಬೆರಳಗಲದ ಪದದ ಕೆಳಗೆ ಸಿಕ್ಕಿಕೊಳ್ಳುತ್ತದೆ. ಬಾಯಿ ತೆರೆದವನು ನೀರು ಕುಡಿದು ಎದ್ದೆ.

ಆದರೆ ಅವತ್ತಿನಿಂದ ಭಯದ ಜೊತೆ ಇನ್ನೊಂದು ಹುಳ ತಲೆಯೊಳಗೆ ಸೇರಿತು. ಮೇಲ್ವಿಚಾರಕರು ಸಾವಧಾನ ಎಂದು ಯಾವ ಅರ್ಥದಲ್ಲಿ ಬರೆಯುತ್ತಿದ್ದರು? ಅಕ್ಕ ಹೇಳಿದ ಅರ್ಥದಲ್ಲೇ ಬರೆದಿದ್ದರೆ ನನ್ನದು ತಪ್ಪೇ ಅಲ್ಲ. ನಾನು ಬಚಾವು. ಬೇರೆ ಅರ್ಥದಲ್ಲಿ ಬರೆದಿದ್ದರೆ? ಅವರು ನಿವೃತ್ತರಾಗಿ ವರ್ಷವಾಗಿತ್ತು. ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ. ಅಕ್ಕನಿಗೆ ಮಾತ್ರ ಹೇಳಿದ್ದೆ.

"ಒಂದು ಪದದ ಅರ್ಥ ಕೇಳೋಕೆ ಎರಡು ಬಸ್ಸು ಬದಲಾಯಿಸ್ತೀಯಾ?" ಎಂದಳು ಅಕ್ಕ. "ಒಂದು ತಪ್ಪು ಮಾಡಿ ಎಲ್ಲರ ಹಾಗೆ ಸುಮ್ನೆ ಇರೋಕೂ ಬರಲ್ಲವಲ್ಲೋ ನಿನಗೆ."

ಹಳೆಯ ಮೇಲ್ವಿಚಾರಕರು ಮಗಳ ಮನೆಯ ಮುಂದಿನ ಕೋಣೆಯಲ್ಲಿ, ಕಿಟಕಿಗೆ ಬೆನ್ನು ಹಾಕಿ ಕೂತಿದ್ದರು. ಒಂದು ಕಣ್ಣಿಗೆ ಪೊರೆ ತೆಗೆಸಿ ಪಟ್ಟಿ ಕಟ್ಟಿದ್ದರು. ಜೀವಮಾನವಿಡೀ ಕಣ್ಣಿನ ಕೆಲಸ ಮಾಡಿಸಿದವರು ಇನ್ನೊಂದು ಕಣ್ಣಿನಿಂದ ನನ್ನನ್ನು ಅಳೆದರು.

"ಯಾರು, ಕಾಗುಣಿತನಾ? ಬಾ. ಏನು, ನನ್ನ ಪಿಂಚಣಿ ಕಾಗದದಲ್ಲಿ ತಪ್ಪು ಸಿಕ್ತಾ?"

"ಇಲ್ಲ ಸಾರ್. ಒಂದು ಪದ ಕೇಳ್ಬೇಕಿತ್ತು. ನೀವು ಷರಾದಲ್ಲಿ ಸಾವಧಾನ ಅಂತ ಬರೀತಿದ್ರಲ್ಲ, ಅದು ಯಾರಿಗೆ ಬರೀತಿದ್ರಿ?"

"ಕೆಲಸ ಬಲ್ಲೋರಿಗೆ. ಇನ್ಯಾರಿಗೆ?"

"ಅಂದ್ರೆ... ನಿಧಾನ ಮಾಡೋರಿಗೆ ಅಲ್ವಾ?"

ಅವರು ಒಂಟಿ ಕಣ್ಣು ಕಿರಿದು ಮಾಡಿದರು. ಮೇಜಿನ ಮೇಲಿದ್ದ ನೀರಿನ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು, ಒಂದು ಸುತ್ತು ಸುತ್ತಿಸಿ ನನ್ನ ಮುಖದ ಹತ್ತಿರ ತಂದರು. "ಇದರಲ್ಲಿ ಹೊಳೀತಿದೆಯಲ್ಲ, ಏನು ಅದು?"

"ಗುಳ್ಳೆ ಸಾರ್."

"ಎಷ್ಟು ಬೇಗ ಹೇಳ್ಬಿಟ್ಟೆ! ಸುತ್ತು ನಿಲ್ಲೋಕೆ ಮುಂಚೆ ಹೇಳಿದವನು ಅರ್ಧ ದಿನ ಸರಿ ಹೇಳ್ತಾನೆ, ಇನ್ನರ್ಧ ದಿನ ಗಾಜನ್ನ ಯಾರದೋ ರಕ್ತಕ್ಕೆ ಕಳಿಸ್ತಾನೆ. ಅದು ಮೇಲೆ ಹೋಗೋವರೆಗೂ ಕಾಯೋರು ಇರ್ತಾರೆ ನೋಡು, ಅವರಿಗೆ ನಾನು ಆ ಪದ ಬರೀತಿದ್ದೆ. ಹೊಗಳೋಕೆ ನನಗೆ ಗೊತ್ತಿದ್ದ ಪದ ಅದೊಂದೇ."

"ಹೆಂಗಸ್ರಿಗೂ, ಗಂಡಸ್ರಿಗೂ?"

"ತನ್ನನ್ನ ಹಿಡಿದಿರೋ ಕೈ ಯಾರದು ಅಂತ ಸೀಸೆಗೆ ಗೊತ್ತಾಗುತ್ತಾ?" ಎಂದರು. ಆಮೇಲೆ, "ಯಾಕೆ, ನೀನೇನು ಬರೆದೆ?"

ಹೇಳಿದೆ. ಅಕ್ಕನನ್ನು ಬಿಟ್ಟರೆ ಜಗತ್ತಿನಲ್ಲಿ ಮೊದಲ ಸಲ ಹೇಳಿದ್ದು ಅವರಿಗೆ. ಆದರೆ ಪೂರ್ತಿ ನಿಜ ಹೇಳಲಿಲ್ಲ. "ಸಂಜೆ ಶಾಲೆಯ ಮೇಷ್ಟ್ರು ಭಾರೀ ಪದಗಳ ಬದಲು ಸುಲಭ ಪದ ಬಳಸಿ ಅಂತ ಹೇಳಿಕೊಟ್ಟಿದ್ರು ಸಾರ್, ಹಾಗಾಗಿ..." ಎಂದೆ. ಮೇಷ್ಟ್ರು ಹೇಳಿದ್ದೇನೋ ಹೌದು. ನಾನು ಅದಕ್ಕಾಗಿ ಬದಲಾಯಿಸಿದ್ದಲ್ಲ.

ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. "ಎರಡು ಪುಸ್ತಕದಲ್ಲೂ ಹಾಗೇ ಬದಲಾಯಿಸಿದ್ಯಾ?" ಎಂದು ಕೇಳಿದರು.

"ಎರಡರಲ್ಲೂ ಸಾರ್."

"ಮೂರು ಸಲ ಬಡ್ತಿ ಆಯ್ತಲ್ಲ ಗಂಡಸರ ಕೋಣೆಯಿಂದ. ಆ ಮೂವರಿಗೂ ನಾನು ಬರೆದಿದ್ದು ಅದೇ ಪದ." ಅವರು ಲೋಟ ಕೆಳಗಿಟ್ಟರು. "ಹೋಗಿ ನೋಡಪ್ಪ, ಅಲ್ಲೇನಾಗಿದೆ ಅಂತ."

ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ದಾಖಲೆ ಕೋಣೆಯ ಬೀಗ ತೆಗೆದೆ. ಕೋರ್ಟು ಕೆಂಪು ರಿಜಿಸ್ಟರನ್ನು ಮಾತ್ರ ಕೇಳಿತ್ತು. ನೀಲಿಯದನ್ನು ಯಾರೂ ಕೇಳಿರಲಿಲ್ಲ. ಕೇಳಬೇಕೆಂದು ಕಣ್ಣಕ್ಕನ ಕಡೆಯವರಿಗೆ ಗೊತ್ತೇ ಇರಲಿಲ್ಲ. ಕಪಾಟಿನ ಮೇಲಿನ ಖಾನೆಯಿಂದ ಇಳಿಸಿದಾಗ ಧೂಳು ಎದ್ದು ಕಣ್ಣಿಗೆ ಬಿತ್ತು. ಕಣ್ಣಕ್ಕನ ಹತ್ತಿರ ಹೋಗುವಂತಿರಲಿಲ್ಲ. ಒಂದು ಕಣ್ಣು ಉಜ್ಜುತ್ತಲೇ ಪುಟ ತಿರುಗಿಸಿದೆ.

ನೀಲಿ ಪುಸ್ತಕ, ಮೂರನೇ ಸಾಲು. ಇತ್ತೀಚೆಗೆ ಹಿರಿಯ ಪರೀಕ್ಷಕನಾದವನು ಇವನೇ. ದಿನಕ್ಕೆ ಸೀಸೆ ಸಾವಿರದ ಮುನ್ನೂರ ಎಪ್ಪತ್ತು. ತಪ್ಪಿದ್ದು ಎರಡು. ಷರಾ: ನಿಧಾನ. ಅದರ ಮುಂದಿನ ಬಡ್ತಿಯ ಕಾಲಮ್ಮಿನಲ್ಲಿ ವ್ಯವಸ್ಥಾಪಕರು ಹಸಿರು ಶಾಯಿಯಲ್ಲಿ ಬರೆದಿದ್ದರು: 'ನಿಧಾನಸ್ಥರು. ಅರ್ಹರು.'

ಕೆಂಪು ಪುಸ್ತಕ ಕೋರ್ಟಿನಲ್ಲಿದ್ದರೂ ಅದರ ನಕಲು ನನ್ನ ಹತ್ತಿರ ಇತ್ತು. ಏಳನೇ ಸಾಲು. ಸೀಸೆ ಸಾವಿರದ ಮುನ್ನೂರ ತೊಂಬತ್ತು. ತಪ್ಪಿದ್ದು ಸೊನ್ನೆ. ಷರಾ: ನಿಧಾನ. ಅದೇ ಹಸಿರು ಶಾಯಿ: 'ನಿಧಾನ. ಸದ್ಯಕ್ಕೆ ಬೇಡ.'

ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ಸಲ ಓದಿದೆನೋ. ದಿನಕ್ಕೆ ಇಪ್ಪತ್ತು ಸೀಸೆ ಹೆಚ್ಚು ನೋಡಿದವಳು ನಿಧಾನ, ಕಡಿಮೆ ನೋಡಿದವನು ನಿಧಾನಸ್ಥ. ಒಂದು ಒತ್ತಕ್ಷರ ಯಾರನ್ನು ಎಲ್ಲಿಗೆ ಏರಿಸಿಬಿಟ್ಟಿದೆ! ಉಳಿದ ಇಬ್ಬರ ಸಾಲನ್ನೂ ತೆಗೆದೆ. ಅಲ್ಲೂ ನಿಧಾನ, ಅಲ್ಲೂ ಅರ್ಹರು. ಆರು ವರ್ಷದಿಂದ ಎರಡು ಪುಸ್ತಕವೂ ನನ್ನ ಕೈಯಲ್ಲೇ ಓಡಾಡಿವೆ. ಒಮ್ಮೆಯೂ ಕಣ್ಣಿಗೆ ಬೀಳಲಿಲ್ಲ. ನಾನು ಕಾಗುಣಿತ ನೋಡುವವನು, ಅರ್ಥ ನೋಡುವವನಲ್ಲ. ಎರಡು ಕಡೆಯೂ ಕಾಗುಣಿತ ಸರಿಯಾಗಿತ್ತು.

ಹಾಗಾದರೆ ತಪ್ಪು ನನ್ನ ಪದದಲ್ಲಿತ್ತೋ, ಓದಿದವರ ಕಣ್ಣಿನಲ್ಲಿತ್ತೋ? ಓದಿದವರದು ಎಂದುಕೊಂಡ ಕೂಡಲೇ ಮನಸ್ಸು ಹಗುರಾಯಿತು. ಹಗುರಾದದ್ದಕ್ಕೇ ಅನುಮಾನ ಬಂತು. ನನ್ನ ಪದ ಬಾಗಿಲು ತೆರೆಯದೇ ಇದ್ದಿದ್ದರೆ ಅವರು ಒಳಗೆ ಬರುತ್ತಿದ್ದರೇ?

ಆ ಗುರುವಾರ ನನ್ನ ಸಾಕ್ಷಿ. ಕೋರ್ಟಿನ ಕೋಣೆ ನಾನು ಅಂದುಕೊಂಡದ್ದಕ್ಕಿಂತ ಚಿಕ್ಕದಾಗಿತ್ತು. ಫ್ಯಾನು ಒಂದು ಸುತ್ತಿಗೊಮ್ಮೆ ಟಕ್ ಎನ್ನುತ್ತಿತ್ತು. ನ್ಯಾಯಾಧೀಶರು ಪೆನ್ಸಿಲು ಚೂಪು ಮಾಡಿಕೊಳ್ಳುತ್ತಿದ್ದರು. ವ್ಯವಸ್ಥಾಪಕರು ಮೊದಲ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದರು. ಕಣ್ಣಕ್ಕ ಎರಡೂ ಕೈ ತೊಡೆಯ ಮೇಲಿಟ್ಟು, ಸೀಸೆ ನೋಡುವಾಗ ಕೂರುತ್ತಾಳಲ್ಲ, ಹಾಗೆ ಕೂತಿದ್ದಳು.

ಕಂಪನಿಯ ವಕೀಲರು ರಿಜಿಸ್ಟರು ತೋರಿಸಿದರು. "ಇದು ನಿಮ್ಮ ಕೈಬರಹವೇ?" "ಹೌದು." "ಕೆಲಸದ ಭಾಗವಾಗಿ ಬರೆದದ್ದೇ?" "ಹೌದು." "ಸಾಕು."

ಮುಗಿಯಿತು. ಎರಡೇ ಹೌದು. ಇಳಿದು ಮನೆಗೆ ಹೋಗಬಹುದಿತ್ತು. ಆಗ ಕಣ್ಣಕ್ಕನ ವಕೀಲೆ ಎದ್ದರು. ಚಿಕ್ಕ ವಯಸ್ಸಿನವರು, ಅವತ್ತು ನೆಗಡಿ ಬೇರೆ. ಮೂಗಿಗೆ ಕರವಸ್ತ್ರ ಒತ್ತಿಕೊಂಡು, ಎಲ್ಲ ಗುಮಾಸ್ತರನ್ನೂ ಕೇಳುವ ಪ್ರಶ್ನೆಯನ್ನೇ, ಹೆಚ್ಚಿನ ಆಸೆಯಿಲ್ಲದೆ ಕೇಳಿದರು:

"ಚೀಟಿಯಲ್ಲಿ ಇದ್ದದ್ದನ್ನ ಇದ್ದ ಹಾಗೇ ನಕಲು ಮಾಡಿದ್ದೀರಾ?"

ಫ್ಯಾನು ಟಕ್ ಎಂದಿತು. ಇನ್ನೊಮ್ಮೆ ಟಕ್ ಎಂದಿತು.

"ಇಲ್ಲ," ಎಂದೆ.

ಕರವಸ್ತ್ರ ಮೂಗಿನಿಂದ ಕೆಳಗಿಳಿಯಿತು. "ಏನಂದ್ರಿ?"

"ಚೀಟಿಯಲ್ಲಿ ನಿಧಾನ ಅಂತ ಇರಲಿಲ್ಲ. ಸಾವಧಾನ ಅಂತ ಇತ್ತು. ನಾನು ಬದಲಾಯಿಸಿದೆ."

ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ನ್ಯಾಯಾಧೀಶರು ಪೆನ್ಸಿಲು ಕೆಳಗಿಟ್ಟು ನನ್ನ ಕಡೆ ಬಾಗಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ. ಗಡಿಯಾರ ಬಿಚ್ಚಿ ನೋಡುವವರ ಮುಖ ಇರುತ್ತದಲ್ಲ, ಹಾಗಿತ್ತು. "ಯಾಕೆ ಬದಲಾಯಿಸಿದ್ರಿ?" ಎಂದು ಅವರೇ ಕೇಳಿದರು.

ಮೇಷ್ಟ್ರು, ಸುಲಭ ಪದ ಎಂಬ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಅದು ಹೇಳಲು ಮರ್ಯಾದೆಯ ಉತ್ತರ. ಕಣ್ಣಕ್ಕ ನನ್ನನ್ನೇ ನೋಡುತ್ತಿದ್ದಳು. ಸುತ್ತು ನಿಲ್ಲುವವರೆಗೂ ಕಾಯುವ ನೋಟ ಅದು. ಗುಳ್ಳೆಯಾದರೆ ಮೇಲೇರುತ್ತದೆ, ಅಷ್ಟೇ ಅಲ್ಲವೇ.

"ಸಾವಧಾನಕ್ಕೆ ಯಾವ ಧ ಅಂತ ನನಗೆ ಗೊತ್ತಿರಲಿಲ್ಲ ಸ್ವಾಮಿ," ಎಂದೆ. "ಮೇಲ್ವಿಚಾರಕರು ಗೀಟಿಲ್ಲದ ದ ಬರೆದಿದ್ರು. ಸರಿಯೋ ತಪ್ಪೋ ತಿಳೀಲಿಲ್ಲ. ಯಾರನ್ನಾದ್ರೂ ಕೇಳೋಕೆ ನಾಚಿಕೆ ಆಯ್ತು. ನಿಧಾನದ ಕಾಗುಣಿತ ಗೊತ್ತಿತ್ತು. ಅದಕ್ಕೇ ಅದನ್ನ ಬರೆದೆ."

ಯಾರೋ ನಕ್ಕರು. ಆಮೇಲೆ ಸುಮಾರು ಜನ ನಕ್ಕರು. ಕಚೇರಿಯಿಂದ ಬಂದವರ ನಗುವನ್ನು ನಾನು ಬೇರೆಯಾಗಿ ಗುರುತು ಹಿಡಿದೆ. ಕಣ್ಣಕ್ಕ ನಗಲಿಲ್ಲ.

ಕಂಪನಿಯ ವಕೀಲರು ಜಾಣರು. ಎರಡು ನಿಮಿಷದಲ್ಲಿ ನನ್ನ ತಪ್ಪನ್ನೇ ಕೊಡೆಯ ಹಾಗೆ ಬಿಚ್ಚಿ ಹಿಡಿದರು. "ಸ್ವಾಮಿ, ಇದರಿಂದ ನಮ್ಮ ಮಾತೇ ಗಟ್ಟಿಯಾಯ್ತು. ತಪ್ಪು ಗುಮಾಸ್ತನದು. ವ್ಯವಸ್ಥಾಪಕರು ಪುಸ್ತಕದಲ್ಲಿ ಇದ್ದದ್ದನ್ನ ಪ್ರಾಮಾಣಿಕವಾಗಿ ಓದಿದ್ದಾರೆ. ನಿಧಾನ ಅಂತ ಇತ್ತು, ನಿಧಾನ ಅಂತ ತಿಳಿದ್ರು. ಇದರಲ್ಲಿ ಹೆಣ್ಣು ಗಂಡು ಎಲ್ಲಿಂದ ಬಂತು?"

ಹಾಗಾದರೆ ನನ್ನ ನಿಜ ಅವಳನ್ನು ಇನ್ನಷ್ಟು ಮುಳುಗಿಸಿತೇ? ಕೇಳದೇ ಇದ್ದದ್ದಕ್ಕೆ ಉತ್ತರ ಕೊಡಬೇಡಿ ಎಂದಿದ್ದರು. ಈಗಂತೂ ನನ್ನನ್ನು ಯಾರೂ ಏನೂ ಕೇಳಿರಲಿಲ್ಲ.

"ನೀಲಿ ಪುಸ್ತಕದಲ್ಲೂ ಹಾಗೇ ಬರೆದಿದ್ದೀನಿ," ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

"ಯಾವ ನೀಲಿ ಪುಸ್ತಕ?" ನ್ಯಾಯಾಧೀಶರು ಮತ್ತೆ ಪೆನ್ಸಿಲು ಎತ್ತಿಕೊಂಡರು.

"ಗಂಡಸರದು ಸ್ವಾಮಿ. ಬಡ್ತಿ ಆದವರ ಹೆಸರಿನ ಮುಂದೂ ನಿಧಾನ ಅಂತಲೇ ಇದೆ."

ಮೊದಲ ಸಾಲಿನಲ್ಲಿ ಕಾಲ ಮೇಲಿದ್ದ ಕಾಲು ನೆಲಕ್ಕೆ ಇಳಿಯಿತು. ನೀಲಿ ಪುಸ್ತಕವನ್ನು ಮುಂದಿನ ವಾರ ತರಬೇಕೆಂದು ಆದೇಶವಾಯಿತು.

ಆ ವಾರ ಕಚೇರಿಯಲ್ಲಿ ನನ್ನ ಸುತ್ತಲೂ ಒಂದು ಕುರ್ಚಿಯ ಅಂತರ ಬಿತ್ತು. ಊಟದ ಕೋಣೆಯಲ್ಲಿ ಒಬ್ಬನೇ ಕೂತಿದ್ದಾಗ ಕಣ್ಣಕ್ಕ ತನ್ನ ಡಬ್ಬಿ ಎತ್ತಿಕೊಂಡು ಬಂದು ಎದುರು ಕೂತಳು. ಡಬ್ಬಿ ತೆರೆದು ಉಣ್ಣತೊಡಗಿದಳು.

"ಆರು ವರ್ಷ," ಎಂದಳು. "ಒಂದು ಗೀಟಿಗೆ."

"ಬೈದುಬಿಡು ಕಣ್ಣಕ್ಕ."

"ಬೈತೀನಿ ಇರು. ಮೊದಲು ಒಂದು ಹೇಳು. ಅವರು ಸಾವಧಾನ ಅಂತ ನನಗೆ ಬರೆದಿದ್ದು ನಿಜಾನಾ? ಒಂಬತ್ತು ಸಲಾನೂ?"

"ಒಂಬತ್ತು ಸಲಾನೂ."

ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸಿದಳು, ಮತ್ತೆ ತಿರುಗಿಸಿದಳು. "ಎದುರಿಗೆ ಒಂದು ದಿನ ಚೆನ್ನಾಗಿ ಮಾಡ್ದೆ ಅಂದವರಲ್ಲ ಆ ಮಹಾನುಭಾವ," ಎಂದಳು. "ಬೈಯೋದು ನಾಳೆಗಿರಲಿ. ಕಣ್ಣು ಯಾಕೆ ಕೆಂಪಗಿದೆ ನಿಂದು?"

"ಧೂಳು ಬಿದ್ದಿತ್ತು. ಸೋಮವಾರವೇ."

"ಸೋಮವಾರದಿಂದ ಹಾಗೇ ಇಟ್ಕೊಂಡಿದ್ದೀಯಾ? ಬಾ ಇಲ್ಲಿ, ದೀಪದ ಕೆಳಗೆ. ಅಲ್ಲಾಡ್ಬೇಡ."

ಮುಂದಿನ ಗುರುವಾರ ಕಟಕಟೆಯಲ್ಲಿ ನಿಂತದ್ದು ವ್ಯವಸ್ಥಾಪಕರು. ಕಣ್ಣಕ್ಕನ ವಕೀಲೆಯ ನೆಗಡಿ ವಾಸಿಯಾಗಿತ್ತು. ನ್ಯಾಯಾಧೀಶರ ಒಪ್ಪಿಗೆ ಪಡೆದು ಎರಡೂ ಪುಸ್ತಕಗಳಿಗೆ ಹಳೆಯ ಪತ್ರಿಕೆಯ ಹೊದಿಕೆ ಹಾಕಿದ್ದರು, ಮಕ್ಕಳ ಶಾಲೆಯ ಪುಸ್ತಕಕ್ಕೆ ಹಾಕುವ ಹಾಗೆ. ಯಾವುದು ಕೆಂಪು, ಯಾವುದು ನೀಲಿ ಎಂದು ತಿಳಿಯುವಂತಿರಲಿಲ್ಲ. ನ್ಯಾಯಾಧೀಶರು ಮೊದಲೇ ಎರಡನ್ನೂ ತೆರೆದು ನೋಡಿದ್ದರಂತೆ. ವಕೀಲೆ ಒಂದು ಪುಸ್ತಕ ತೆರೆದು, ಬಡ್ತಿಯ ಕಾಲಮ್ಮಿಗೆ ಬಿಳಿ ಕಾಗದ ಮುಚ್ಚಿ ಓದಿದರು: "ಸೀಸೆ ಸಾವಿರದ ಮುನ್ನೂರ ಐವತ್ತು. ತಪ್ಪಿದ್ದು ಒಂದು. ಷರಾ, ನಿಧಾನ. ಇಲ್ಲಿ ನಿಧಾನ ಅಂದ್ರೆ ಏನು ಅರ್ಥ ಸಾರ್?"

ವ್ಯವಸ್ಥಾಪಕರು ಕನ್ನಡಕ ಸರಿಮಾಡಿಕೊಂಡರು. ಹೊದಿಕೆಯನ್ನು ನೋಡಿದರು. ಮೇಜಿನ ಮೇಲಿದ್ದ ಇನ್ನೊಂದು ಪುಸ್ತಕದ ಹೊದಿಕೆಯನ್ನೂ ನೋಡಿದರು.

"ಅದು... ಮೊದಲು ಅದು ಯಾವ ಪುಸ್ತಕ ಅಂತ ಹೇಳಿ," ಎಂದರು.

ಫ್ಯಾನು ಟಕ್ ಎಂದಿತು. ತಾವು ಹೇಳಿದ್ದೇನು ಎಂದು ಅವರಿಗೆ ಗೊತ್ತಾದದ್ದು ನ್ಯಾಯಾಧೀಶರ ಪೆನ್ಸಿಲು ಓಡತೊಡಗಿದ ಮೇಲೆ. ಅವರು ಕೆಟ್ಟ ಮನುಷ್ಯರೆಂದು ನಾನು ಈಗಲೂ ಹೇಳಲಾರೆ. ಕೇಳಿದ್ದಕ್ಕೆ ಪ್ರಾಮಾಣಿಕವಾಗಿಯೇ ಉತ್ತರ ಕೊಟ್ಟರು. ನನ್ನ ಹಾಗೆಯೇ ಅವರಿಗೂ, ಬರೆಯುವಾಗ ತಾವೇನು ಮಾಡುತ್ತಿದ್ದೇವೆಂದು ಗೊತ್ತಿರಲಿಲ್ಲವೇನೋ.

ಮೂರು ತಿಂಗಳ ಮೇಲೆ ತೀರ್ಪು ಬಂತು. ಕಣ್ಣಕ್ಕನಿಗೆ ಹುದ್ದೆ ಕೊಡಬೇಕು, ಎರಡೂ ಕೋಣೆಗೆ ಒಂದೇ ರಿಜಿಸ್ಟರು ಇಡಬೇಕು. ತೀರ್ಪಿನಲ್ಲಿ ನನ್ನ ಬಗ್ಗೆಯೂ ಒಂದು ಸಾಲು ಇತ್ತು: ಸಾಕ್ಷಿ ನುಡಿದ ಕಾರಣಕ್ಕೆ ಗುಮಾಸ್ತರನ್ನು ಕೆಲಸದಿಂದ ತೆಗೆಯುವಂತಿಲ್ಲ. ಅಕ್ಕ ಅದನ್ನು ಎರಡು ಸಲ ಓದಿಸಿಕೊಂಡಳು. "ತಪ್ಪು ಒಪ್ಕೊಂಡು ಕೆಲಸ ಉಳಿಸ್ಕೊಂಡವನು ನೀನೊಬ್ಬನೇ ಇರ್ಬೇಕು," ಎಂದು ಮತ್ತೆ ಸೂಜಿ ಕಚ್ಚಿಕೊಂಡಳು.

ತೆಗೆಯುವಂತಿಲ್ಲ, ಸರಿ. ಎಚ್ಚರಿಕೆ ಪತ್ರ ಕೊಡಬಾರದು ಎಂದು ಇರಲಿಲ್ಲ. ಮರುವಾರ ಅದೂ ಬಂತು. ಒಳಗೆ ಬರುವ ಪತ್ರಗಳ ವಿಷಯವನ್ನು ಪುಸ್ತಕದಲ್ಲಿ ಇಳಿಸುವುದೂ ನನ್ನದೇ ಕೆಲಸವಾದ್ದರಿಂದ ನನ್ನ ಎಚ್ಚರಿಕೆ ಪತ್ರವನ್ನು ನಾನೇ ಇಳಿಸಬೇಕಾಯಿತು. ಮೇಲೆ ಹೀಗೆ ಬರೆದಿತ್ತು: 'ವಿಷಯ: ದಾಕಲೆ ತಿದ್ದಿದ ಬಗ್ಗೆ.'

ಪೆನ್ನು ನಿಂತಿತು. ಇದು ಕ ಅಲ್ಲ, ಖ ಎಂದು ನನಗೆ ಖಂಡಿತವಾಗಿ ಗೊತ್ತಿತ್ತು. ಚೀಟಿ ಬರೆಯುವುದು ಈಗ ಹಿರಿಯ ಪರೀಕ್ಷಕರ ಕೆಲಸವಾಗಿತ್ತು. ಪಕ್ಕದಲ್ಲಿ ಕಣ್ಣಕ್ಕ ಹೊಸ ರಿಜಿಸ್ಟರಿಗೆ ತನ್ನ ಮೊದಲ ಕಂತಿನ ಚೀಟಿಗಳನ್ನು ಕೊಡಲು ನಿಂತಿದ್ದಳು. ಅವಳು ಬಾಗಿ ಪತ್ರವನ್ನೂ ನೋಡಿದಳು, ನನ್ನ ಪೆನ್ನನ್ನೂ ನೋಡಿದಳು.

"ಏನು ಯೋಚನೆ?" ಎಂದಳು.

"ಏನಿಲ್ಲ," ಎಂದೆ. ಬರೆದೆ: ದಾಕಲೆ.

"ಅವಸರ ಇಲ್ಲ, ಸಾವಧಾನವಾಗಿ ಬರಿ," ಎಂದು ಅವಳು ಚೀಟಿಗಳ ಕಟ್ಟನ್ನು ಮೇಜಿನ ಮೇಲಿಟ್ಟು ಹೋದಳು. ಮೊದಲನೆಯದನ್ನು ಎತ್ತಿಕೊಂಡೆ. ಯಾವ ಅರ್ಥದಲ್ಲಿ ಹೇಳಿದಳೋ ಕೇಳಬೇಕಿತ್ತು.